ಅರಿಯದ ಪದವೂ ಅದರ ನೆರೆಹೊರೆಯೂ

ಮಕ್ಕಳಿಗೆಂದು ಅಚ್ಚಾಗುವ ಕನ್ನಡ ಪಾಠಪುಸ್ತಕಗಳನ್ನು ತೆರೆದರೆ ಪಾಠದ ಕೊನೆಯಲ್ಲಿ ‘ಪದಗಳ ಅರ್ಥ’ ಎಂಬ ಒಂದು ಪಟ್ಟಿ ಕಾಣುವುದು ವಾಡಿಕೆ. ಎಡಗಡೆ ಕಠಿಣವೆಂದು ಬಗೆದ ಪದ. ಬಲಗಡೆ ಅದಕ್ಕೆ ಸಮಾನವೆಂದು ಬಗೆದ ಇನ್ನೊಂದು ಪದ. ನಡುವೆ ಒಂದು ಗೆರೆ. ಹುಡುಗನು ಇದನ್ನು ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಅಂಕವನ್ನೂ ಪಡೆಯುತ್ತಾನೆ. ಅದೇ ಪದವು ತಿಂಗಳು ಕಳೆದು ಬೇರೊಂದು ವಾಕ್ಯದಲ್ಲಿ ಎದುರಾದರೆ ಗುರುತೇ ಇಲ್ಲದವನಂತೆ ನಿಂತುಬಿಡುತ್ತಾನೆ. ಇದಕ್ಕೆ ಹುಡುಗನ ಮಂದಬುದ್ಧಿಯನ್ನು ಕಾರಣವಾಗಿ ಹೇಳುವವರುಂಟು. ಉಪಾಧ್ಯಾಯರ ಉದಾಸೀನವನ್ನು ಹೇಳುವವರೂ ಉಂಟು. ದೋಷದ ಬಹುಪಾಲು ಪುಸ್ತಕ ಬರೆದವರದೆಂದು ಯೋಚಿಸಿದವರು ಕಡಮೆ. ಪದದ ಭಾರವನ್ನು ವಾಕ್ಯದ ಮೇಲೆ ಹೊರಿಸಬೇಕಾದ ಲೇಖಕನು ಆ ಹೊಣೆಯನ್ನು ಪಟ್ಟಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಾನೆ. ಅದನ್ನು ಮಕ್ಕಳ ಮೇಲಣ ಕರುಣೆಯೆಂದು ಕರೆಯುವುದು ಸಲ್ಲದು.

ಬೆಂಗಳೂರಿನ ಹೊರಮೇರೆಗಳಲ್ಲಿ ಈ ಮಾತು ಕೇವಲ ಶೈಲಿಯ ಚರ್ಚೆಯಾಗಿ ಉಳಿದಿಲ್ಲ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಲೆಂದು ಮಹಾರಾಜ ಚಾಮರಾಜ ಒಡೆಯರವರು ಕೊಟ್ಟ ಭೂಮಿಯಲ್ಲಿ ಹುಟ್ಟಿದ ವೈಟ್‌ಫೀಲ್ಡು, ೧೯೭೦ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯದ ಕಾರ್ಖಾನೆಗಳ ಸಾಲು, ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಹೊಸೂರು ರಸ್ತೆಯ ಬಳಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ, ಈ ಮೂರು ಕಡೆಗಳಲ್ಲಿಯೂ ಒಂದೇ ತರಗತಿಯ ಬೆಂಚಿನ ಮೇಲೆ ತೆಲುಗು, ತಮಿಳು, ಹಿಂದಿ, ಒಡಿಯಾ, ಬಂಗಾಳಿ ಮನೆಮಾತಿನ ಮಕ್ಕಳು ಕನ್ನಡದ ಮಕ್ಕಳೊಡನೆ ಕುಳಿತಿರುತ್ತಾರೆ. ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ೨೦೧೭-೧೮ನೆಯ ಶಾಲಾವರ್ಷದಿಂದ ಹಂತಹಂತವಾಗಿ ಆಚರಣೆಗೆ ಬಂದುದರಿಂದ, ಹೊರಗಿನ ಮಂಡಳಿಗಳಿಗೆ ಸೇರಿದ ಶಾಲೆಗಳ ಮಕ್ಕಳೂ ಕನ್ನಡ ಪುಸ್ತಕವನ್ನು ಹಿಡಿಯಬೇಕಾಗಿದೆ. ಇವರಲ್ಲಿ ಅನುಕೂಲಸ್ಥರ ಮಗುವಿಗೆ ಸಂಜೆ ಮನೆಪಾಠದವರು ಬರುತ್ತಾರೆ. ತಾಯಿ ಗಾರ್ಮೆಂಟ್ಸಿಗೂ ತಂದೆ ಲೇತ್ ಶೆಡ್ಡಿಗೂ ಹೋಗುವ ಮನೆಯ ಮಗುವಿಗೆ, ಅರಿಯದ ಕನ್ನಡ ಪದವೊಂದು ಎದುರಾದರೆ ಕೇಳುವುದಕ್ಕೆ ಯಾರೂ ಇಲ್ಲ. ಆ ಮಗುವಿಗಿರುವ ಆಪ್ತನೆಂದರೆ ಆ ವಾಕ್ಯವೊಂದೇ. ಆ ವಾಕ್ಯವೂ ಬಾಯಿಬಿಡದಿದ್ದರೆ ಮಗು ಹೊರಗೇ ಉಳಿಯಿತು.

ಪದದ ಅರ್ಥವನ್ನು ಮಗು ಹೇಗೆ ಹಿಡಿಯುತ್ತದೆ ಎಂಬ ಪ್ರಶ್ನೆ ಈ ದೇಶಕ್ಕೆ ಹೊಸದಲ್ಲ. ನಮ್ಮ ಶಾಸ್ತ್ರಕಾರರು ಇದಕ್ಕೆ ಶಕ್ತಿಗ್ರಹವೆಂದು ಹೆಸರಿಟ್ಟು ಎಂಟು ದಾರಿಗಳನ್ನು ಹೇಳಿದರು: ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವರಣೆ, ತಿಳಿದ ಪದದ ಸಾನ್ನಿಧ್ಯ. ನ್ಯಾಯಸಿದ್ಧಾಂತಮುಕ್ತಾವಳಿಯನ್ನು ಓದಿದವರಿಗೆ ಇದು ಪರಿಚಿತವಾದ ಮಾತೇ. ಇವುಗಳಲ್ಲಿ ಕೋಶವು ಒಂದು ಮಾತ್ರ. ಪಾಠಪುಸ್ತಕದ ಪಟ್ಟಿಯು ಆ ಒಂದನ್ನು ಹಿಡಿದು ಉಳಿದ ಏಳನ್ನು ಬಿಟ್ಟಿತು. ಎಂಟರಲ್ಲಿ ಮೊದಲಿನದು ವ್ಯವಹಾರವೆಂದು ಹಿರಿಯರ ಮತ. ಒಬ್ಬ ಹಿರಿಯನು ಇನ್ನೊಬ್ಬನಿಗೆ ಹಸುವನ್ನು ತರಲು ಹೇಳುತ್ತಾನೆ, ಅವನು ತರುತ್ತಾನೆ, ಬದಿಯಲ್ಲಿ ನಿಂತ ಮಗು ನೋಡುತ್ತದೆ. ಆಮೇಲೆ ಹಸುವನ್ನು ಕಟ್ಟಲು ಹೇಳಿದರೆ ಪ್ರಾಣಿ ಅದೇ, ಕೆಲಸ ಬೇರೆ. ಕುದುರೆಯನ್ನು ತರಲು ಹೇಳಿದರೆ ಕೆಲಸ ಅದೇ, ಪ್ರಾಣಿ ಬೇರೆ. ಒಂದು ಪದವನ್ನು ತೆಗೆದು ಇನ್ನೊಂದನ್ನು ಇಟ್ಟಾಗ ಆದ ವ್ಯತ್ಯಾಸದಿಂದ ಮಗು ಯಾವ ಮಾತು ಯಾವುದಕ್ಕೆ ಸೇರಿದುದೆಂದು ತಾನೇ ಬಿಡಿಸಿಕೊಳ್ಳುತ್ತದೆ. ಯಾರೂ ಅದಕ್ಕೆ ಅರ್ಥ ಹೇಳಿಕೊಟ್ಟಿಲ್ಲ. ಪಾಠಶಾಲೆಯ ಹುಡುಗರು ಅಮರಕೋಶವನ್ನು ಉರುಹಾಕಿ ಕಲಿತರಲ್ಲವೆ ಎಂದು ಕೇಳಬಹುದು. ಕಲಿತರು ನಿಜ, ಆದರೆ ಕೋಶದಲ್ಲಿ ಕೂಡಿಟ್ಟುದು ಕಾವ್ಯಪಾಠದಲ್ಲಿ ಅನ್ವಯ ಹಚ್ಚಿದಾಗಲೇ ಕೈಗೆ ಬಂದಿತು. ಅನ್ವಯವಿಲ್ಲದ ಕೋಶವು ಬೀಗದ ಕೈಯಿಲ್ಲದ ಪೆಟ್ಟಿಗೆ.

ಮೀಮಾಂಸಕರು ಎತ್ತಿಕೊಂಡ ‘ಯವ’ ಶಬ್ದದ ಚರ್ಚೆಯಂತೂ ಇಂದಿನ ಎಲೆಕ್ಟ್ರಾನಿಕ್ ಸಿಟಿಯ ತರಗತಿಗೆಂದೇ ಬರೆದಂತಿದೆ. ಯವವೆಂದರೆ ಕೆಲವರ ಬಳಕೆಯಲ್ಲಿ ಉದ್ದ ಮುಳ್ಳಿನ ತೆನೆಯ ಜವೆಗೋದಿ. ಬೇರೆ ಕೆಲವರ ಬಳಕೆಯಲ್ಲಿ ನವಣೆ. ವಿಧಿವಾಕ್ಯದಲ್ಲಿ ಬರಿಯ ಯವವೆಂದಿದ್ದರೆ ಯಾವುದನ್ನು ಕೊಳ್ಳಬೇಕು? ಅದೇ ಪ್ರಕರಣದ ಮುಂದಿನ ಮಾತಿನಲ್ಲಿ, ಉಳಿದ ಪೈರುಗಳು ಬಾಡುವ ಕಾಲದಲ್ಲಿ ಇವು ನಳನಳಿಸುತ್ತ ನಿಲ್ಲುವುವೆಂದು ಬಂದಿದೆ. ಆ ಕಾಲದಲ್ಲಿ ಹಾಗೆ ನಿಲ್ಲುವುದು ಜವೆಗೋದಿ, ನವಣೆಯಲ್ಲ. ವಿವಾದವನ್ನು ಕೋಶವು ತೀರಿಸಲಿಲ್ಲ. ವಾಕ್ಯದ ಉಳಿದ ಭಾಗವು ತೀರಿಸಿತು. ಒಂದೇ ಶಬ್ದಕ್ಕೆ ಎರಡು ನಾಡುಗಳಲ್ಲಿ ಎರಡು ಅರ್ಥಗಳಿದ್ದಾಗ ಬರೆದವನ ಹೊಣೆ ಏನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ಕನ್ನಡದ ‘ಶಿಕ್ಷೆ’ಯನ್ನು ತೆಗೆದುಕೊಳ್ಳಬಹುದು. ಸಂಸ್ಕೃತದಲ್ಲಿಯೂ ಹಿಂದಿಯಲ್ಲಿಯೂ ಅದು ವಿದ್ಯೆ. ಕನ್ನಡದ ಬಳಕೆಯಲ್ಲಿ ದಂಡನೆ. ಪುಸ್ತಕದಲ್ಲಿ ‘ತಪ್ಪು ಮಾಡಿದ ಹುಡುಗನಿಗೆ ಗುರುಗಳು ಶಿಕ್ಷೆ ಕೊಟ್ಟರು’ ಎಂಬ ವಾಕ್ಯವಿದೆಯೆನ್ನೋಣ. ಹಿಂದಿಯ ಮನೆಯಿಂದ ಬಂದ ಮಗು ಇದನ್ನು ಓದಿ, ತಪ್ಪು ಮಾಡಿದವನಿಗೆ ಗುರುಗಳು ಪಾಠ ಹೇಳಿಕೊಟ್ಟರೆಂದು ತಿಳಿಯುತ್ತದೆ. ಅರ್ಥದಲ್ಲಿ ಎಲ್ಲಿಯೂ ತೊಡಕಿಲ್ಲ. ಒಳ್ಳೆಯ ಗುರುವು ಮಾಡತಕ್ಕ ಕೆಲಸವೇ ಅದು. ತಾನು ತಪ್ಪಿದೆನೆಂಬ ಸಂಶಯವೂ ಮಗುವಿಗೆ ಬಾರದು. ‘ಶಿಕ್ಷೆಗೆ ಹೆದರಿ ಹುಡುಗನು ಅಡಗಿಕೊಂಡನು’ ಎಂದು ಬರೆದರೂ ಸಾಲದು, ಏಕೆಂದರೆ ಪಾಠಕ್ಕೆ ಹೆದರಿ ಅಡಗುವ ಹುಡುಗರು ಲೋಕದಲ್ಲಿ ಬೇಕಾದಷ್ಟಿದ್ದಾರೆ! ಬಿಸಿಲಲ್ಲಿ ನಿಂತು ಅವನ ಕಾಲು ನೊಂದಿತೆಂದೂ, ಗುರುಗಳು ಮನಸ್ಸು ಕರಗಿ ಶಿಕ್ಷೆ ಸಾಕೆಂದು ಒಳಗೆ ಕರೆದರೆಂದೂ ಬರೆದಾಗ ಮಗುವಿನ ಮನೆಮಾತಿನ ಅರ್ಥವು ತಾನಾಗಿಯೇ ಜಾಗ ಬಿಡುತ್ತದೆ.

‘ಅವಸರ’ದ ಕತೆಯೂ ಹೀಗೆಯೇ. ತೆಲುಗಿನವರಿಗೆ ಅದು ಅಗತ್ಯ, ಹಿಂದಿಯವರಿಗೆ ಒದಗಿ ಬಂದ ಸಮಯ, ಕನ್ನಡಿಗರಿಗೆ ಆತುರ. ‘ರಾಮು ಅವಸರದಿಂದ ಹೋದನು’ ಎಂದರೆ ಮೂವರು ಮಕ್ಕಳು ಮೂರು ರಾಮುಗಳನ್ನು ಕಾಣುತ್ತಾರೆ. ಪುಸ್ತಕದ ಪಟ್ಟಿಯು ಇಲ್ಲಿ ‘ಅವಸರ — ತ್ವರೆ’ ಎಂದು ಬರೆದು, ಅರಿಯದ ಒಂದು ಪದಕ್ಕೆ ಅರಿಯದ ಇನ್ನೊಂದನ್ನು ಜೊತೆಮಾಡುತ್ತದೆ. ಬಸ್ಸು ಹೊರಡುವುದರಲ್ಲಿದ್ದಿತು, ರಾಮು ಅವಸರದಲ್ಲಿ ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿಕೊಂಡು ಓಡಿದನು ಎಂದು ಬರೆಯುವುದಕ್ಕೆ ಲೇಖಕನಿಗೆ ಎಷ್ಟು ಶಾಯಿ ಬೇಕು? ಒಡಿಯಾ, ಬಂಗಾಳಿ ಮಕ್ಕಳಿಗೆ ‘ಚೇಷ್ಟೆ’ಯೆಂದರೆ ಪ್ರಯತ್ನ. ಚೇಷ್ಟೆ ಮಾಡುವ ಕೋತಿಯ ಕತೆಯನ್ನು ಅವರು ಪರಿಶ್ರಮಶೀಲ ಕೋತಿಯ ಕತೆಯಾಗಿ ಓದಿದರೆ ನಗುವ ಅಧಿಕಾರ ಯಾರಿಗೂ ಇಲ್ಲ.

ಹೀಗೆ ಪದವನ್ನು ಹೊತ್ತು ನಡೆಯುವ ವಾಕ್ಯಗಳು ಕನ್ನಡದಲ್ಲಿಲ್ಲವೆಂದಲ್ಲ. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ಅರಿಯದ ಕನ್ನಡ ಮನೆಯಿಲ್ಲ. ಅದರ ಪ್ರಾಸವನ್ನು ಹೊಗಳಿದವರು ಅನೇಕರು; ಅದು ಪದಗಳನ್ನು ಕಲಿಸುವ ಬಗೆಯನ್ನು ಗಮನಿಸಿದವರು ವಿರಳ. ತುತ್ತೂರಿಯನ್ನು ಕಣ್ಣಿನಿಂದ ಕಾಣದ ಮಗುವಿಗೂ ಪದ್ಯ ಮುಗಿಯುವ ಹೊತ್ತಿಗೆ ಅದರ ವಿಷಯ ಎಲ್ಲವೂ ತಿಳಿದಿರುತ್ತದೆ. ಅದು ತಗಡಿನದು, ಬಣ್ಣ ಬಳಿದುದು, ಅಗ್ಗದ ಬೆಲೆಗೆ ಸಿಕ್ಕುವುದು, ಊದಿದರೆ ಸ್ವರಗಳು ಏರಿ ಇಳಿಯುವುವು, ನೀರು ಹೊಕ್ಕರೆ ಗಂಟಲು ಕಟ್ಟಿ ಸ್ವರ ಕೆಡುವುದು. ಪೀಣ್ಯದ ಮಗುವಿಗೆ ಇಲ್ಲಿ ಒಂದು ಲಾಭವೂ ಉಂಟು: ‘ತಗಡು’ ಎಂಬುದು ನಗರದ ಒಳಬೀದಿಗಳ ಮಗುವಿಗೆ ಅರಿಯದ ಪದವಾಗಿರಬಹುದು, ತಗಡು ಕತ್ತರಿಸುವ ಸದ್ದಿನ ನಡುವೆ ಬೆಳೆದ ಮಗುವಿಗೆ ಅದು ಸಿದ್ಧಪದ, ಅದರ ಪಕ್ಕದಲ್ಲಿ ಕುಳಿತ ತುತ್ತೂರಿಯು ಅದರ ಬೆಳಕಿನಿಂದಲೇ ತಿಳಿಯುತ್ತದೆ. ಬಡವರ ಮಕ್ಕಳಿಗೆ ಪದಗಳಿಲ್ಲವೆಂದು ಹೇಳುವ ಪಂಡಿತರು ಎರಕ, ಅಚ್ಚು, ತಿರುಪು, ಅರ ಮೊದಲಾದ ಮಾತುಗಳನ್ನು ಪೀಣ್ಯದ ಮಕ್ಕಳ ಬಾಯಲ್ಲಿ ಕೇಳಿದ್ದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಅದೇ ಪದ್ಯದಲ್ಲಿ ಇದಕ್ಕಿಂತ ಸೂಕ್ಷ್ಮವಾದುದು ‘ಜಂಬ’ ಎಂಬ ಪದ. ತುತ್ತೂರಿಯನ್ನು ಕಣ್ಣಿಗೆ ತೋರಿಸಬಹುದು. ಜಂಬವನ್ನು ತೋರಿಸುವುದು ಹೇಗೆ? ರಾಜರತ್ನಂ ಅವರು ಮೊದಲು ನಡತೆಯನ್ನು ಇಡುತ್ತಾರೆ. ಇಂತಹ ವಸ್ತು ತನ್ನೊಬ್ಬನಲ್ಲಿಯೇ ಉಂಟು, ಬೇರೆ ಯಾರಲ್ಲಿಯೂ ಇಲ್ಲವೆಂದು ಹುಡುಗನು ಹೇಳಿಕೊಳ್ಳುತ್ತಾನೆ, ಬೀದಿಯಲ್ಲಿ ನಡೆಯುತ್ತಾನೆ, ಆ ನಡಗೆಗೆ ಕೋಳಿಯ ಹೋಲಿಕೆ ಬರುತ್ತದೆ, ಅಲ್ಲಿ ಜಂಬವೆಂಬ ಹೆಸರು ಬೀಳುತ್ತದೆ. ಅಷ್ಟು ಹೊತ್ತಿಗೆ ಮಗುವಿನ ಮನಸ್ಸಿನಲ್ಲಿ ಆ ಭಾವವು ಮೂಡಿ, ಹೆಸರಿಗಾಗಿ ಕಾದಿರುತ್ತದೆ. ಕೊನೆಯಲ್ಲಿ ಬಣ್ಣ ಹೋಗಿ ಗೋಳು ಬಂದಾಗ ಜಂಬದ ಫಲವೂ ತಿಳಿಯುತ್ತದೆ. ವ್ಯವಹಾರ, ಉಪಮಾನ, ವಾಕ್ಯಶೇಷ, ಈ ಮೂರೂ ಕೆಲವೇ ಪಂಕ್ತಿಗಳ ಮಕ್ಕಳ ಪದ್ಯದಲ್ಲಿ ಕೆಲಸ ಮಾಡಿವೆ. ಪಟ್ಟಿಯಲ್ಲಿ ‘ಜಂಬ — ಅಹಂಕಾರ’ ಎಂದು ಬರೆದರೆ ಇದರಲ್ಲಿ ಒಂದೂ ದೊರೆಯದು.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಈ ದೃಷ್ಟಿಯಿಂದ ನೋಡಿದರೆ ಬೇರೊಂದು ಬಗೆಯ ಪ್ರಶ್ನೆ ಏಳುತ್ತದೆ. ಹೊಸೂರು ರಸ್ತೆಯ ಬೊಮ್ಮನಹಳ್ಳಿಯ ಮಕ್ಕಳು ಶೀರ್ಷಿಕೆಯನ್ನು ಕಂಡೊಡನೆ ಇದು ತಮ್ಮೂರಿನ ಕತೆಯೆಂದು ಹಿಗ್ಗುವುದು ಸಹಜ. ಕತೆಯು ತುಂಗೆಯ ದಡದಲ್ಲಿ ನಡೆಯುವುದೆಂಬ ಮಾತು ಪದ್ಯದ ಮೊದಲಿನಲ್ಲಿಯೇ ಬರುವುದರಿಂದ, ಹೊಳೆಯೇ ಇಲ್ಲದ ತಮ್ಮ ಊರು ಇದಲ್ಲವೆಂದು ಗಮನವಿಟ್ಟು ಓದಿದ ಮಗುವೇ ಕಂಡುಕೊಳ್ಳಬಲ್ಲದು. ಕಿಂದರಿಯ ವಿಷಯ ಅಷ್ಟು ಸುಲಭವಲ್ಲ. ಈ ಕತೆಗೆ ಮೂಲವಾದುದು ಬ್ರೌನಿಂಗನು ೧೮೪೨ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ಊರಿನ ಕೊಳಲುಗಾರನ ಪದ್ಯ. ವೈಟ್‌ಫೀಲ್ಡಿನ ಇಂಗ್ಲಿಷು ಶಾಲೆಯಲ್ಲಿ ಆ ಕತೆಯನ್ನು ಚಿತ್ರದೊಡನೆ ಮೊದಲೇ ಕೇಳಿದ ಮಗು ಕಿಂದರಿಯೆಂದರೆ ಕೊಳಲೆಂದು ನಿಶ್ಚಯಿಸಿಬಿಡುತ್ತದೆ. ಕಿಂದರಿಯಾದರೋ ತಂತಿಯ ವಾದ್ಯ, ಕಿನ್ನರಿಯೆಂಬುದರಿಂದ ಬಂದುದು. ಭಾರತದ ಕತೆಗಳನ್ನು ಹಾಡುತ್ತ ಹಳ್ಳಿಹಳ್ಳಿ ತಿರುಗಿದ ಜೋಗಿಗಳ ಕೈಯಲ್ಲಿ ಇದ್ದುದು ಅದೇ. ಕವಿಯು ಪರದೇಶದ ಕೊಳಲುಗಾರನನ್ನು ಕನ್ನಡನಾಡಿನ ಬೀದಿಯಲ್ಲಿ ನಡೆಸಲೆಂದೇ ವಾದ್ಯವನ್ನು ಬದಲಿಸಿದರು. ಕೊಳಲೆಂದು ತಿಳಿದ ಮಗುವಿಗೆ ಕತೆ ತಪ್ಪುವುದಿಲ್ಲ, ನಾಡು ತಪ್ಪುತ್ತದೆ. ಇಲ್ಲಿ ಕವಿಯ ವಾಕ್ಯದ ಮೇಲೆ ದೋಷ ಹೊರಿಸುವುದು ಉಚಿತವಲ್ಲ, ಏಕೆಂದರೆ ಜೋಗಿಯನ್ನು ಕಂಡಿದ್ದ ಮಕ್ಕಳಿಗಾಗಿ ಅವರು ಬರೆದರು. ಜೋಗಿಯು ಬೀದಿಯಿಂದ ಮರೆಯಾದ ಮೇಲೆ ಆ ನೆರೆಯನ್ನು ಮರಳಿ ಕಟ್ಟುವುದು ಉಪಾಧ್ಯಾಯರ ಕೆಲಸ. ‘ಕಿಂದರಿ — ಒಂದು ವಾದ್ಯ’ ಎಂದು ಬರೆದು ಮುಗಿಸುವವರು ಆ ಕೆಲಸವನ್ನು ಮಾಡಿದಂತಾಗಲಿಲ್ಲ.

ಕರಾವಳಿಯ ಪಂಜೆ ಮಂಗೇಶರಾಯರು ಒಂದು ಕತೆಗೆ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂದು ಹೆಸರಿಟ್ಟರು. ಬಯಲುಸೀಮೆಯ ಮಗು ಸಿಗಡಿಯನ್ನು ಕಂಡಿರಲಾರದು. ಆದರೆ ಶೀರ್ಷಿಕೆಯ ಮೂರು ಪದಗಳಲ್ಲಿಯೇ, ಅದು ಒಣಗಿಸತಕ್ಕ ವಸ್ತು, ಒಣಗಬೇಕಾಗಿದ್ದಿತು, ಒಣಗದಿರುವುದಕ್ಕೆ ಏನೋ ಕಾರಣವುಂಟು ಎಂಬಿಷ್ಟು ಸಂಗತಿ ಅದಕ್ಕೆ ದೊರೆಯಿತು. ತೆಲುಗಿನ ಮನೆಗಳಲ್ಲಿ ಪ್ರಸಿದ್ಧವಾದ ಏಳು ಮೀನುಗಳ ಕತೆಯೂ ಇಂತಹುದೇ: ಒಂದು ಮೀನು ಏಕೆ ಒಣಗಲಿಲ್ಲವೆಂದರೆ ಹುಲ್ಲಿನ ಮೆದೆ ಅಡ್ಡವಾಯಿತು, ಹುಲ್ಲನ್ನು ಏಕೆ ಹಸು ಮೇಯಲಿಲ್ಲವೆಂದರೆ ದನಕಾಯುವವನು ಬಿಡಲಿಲ್ಲ, ಹೀಗೆ ಮುಂದುವರಿಯುತ್ತದೆ. ಪ್ರಶ್ನೆಯ ರೂಪ ಒಂದೇ ಆಗಿ ಪದ ಮಾತ್ರ ಬದಲಾಗುವುದರಿಂದ, ಹಸುವನ್ನು ಕಟ್ಟಿ ಕುದುರೆಯನ್ನು ತಂದ ಶಾಸ್ತ್ರದ ದೃಷ್ಟಾಂತವು ಅಜ್ಜಿಯ ಬಾಯಲ್ಲಿ ಕತೆಯಾಗಿದೆ. ತೆಲುಗಿನ ಮಗುವಿಗೆ ಕನ್ನಡ ಕಲಿಸಬೇಕಾದವರು ಈ ಕತೆಯಿಂದ ತೊಡಗಿದರೆ ಅರ್ಧ ದಾರಿ ಕಳೆದಂತೆ.

ಈಚಿನವರು ಪದದ ತೊಡಕನ್ನು ಬೇರೊಂದು ರೀತಿಯಿಂದ ನಿವಾರಿಸಿದ್ದಾರೆ: ಕಠಿಣವಾದ ಪದಗಳನ್ನೇ ಬಿಟ್ಟುಬಿಟ್ಟಿದ್ದಾರೆ. ೨೦೦೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಮಕ್ಕಳ ಪುಸ್ತಕಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿ, ಅಗ್ಗದ ಬೆಲೆಗೆ, ಅನೇಕ ಭಾಷೆಗಳಲ್ಲಿ, ಬಣ್ಣಬಣ್ಣದ ಚಿತ್ರಗಳೊಡನೆ ಒದಗಿಸಿರುವುದು ದೊಡ್ಡ ಉಪಕಾರ. ಇದನ್ನು ಅಲ್ಲಗಳೆಯುವವನು ಕೃತಘ್ನ. ಮೊದಲ ಮಟ್ಟದಲ್ಲಿ ಪರಿಚಿತವಾದ ಪದಗಳೇ ಮರುಕಳಿಸುವುದೂ ಯುಕ್ತ. ಆದರೆ ಪರಿಚಿತ ಪದಗಳ ಹದ್ದಿನೊಳಗೇ ಸುತ್ತಿಸುವ ಅಭ್ಯಾಸವು ಮೇಲಿನ ಮಟ್ಟಗಳಿಗೂ ಹಬ್ಬಿದರೆ, ಎಡವದಂತೆ ಕಲ್ಲನ್ನೆಲ್ಲ ಆಯ್ದುಹಾಕಿದ ಅಂಗಳದಲ್ಲಿ ನಡಗೆ ಕಲಿತ ಮಗುವಿನಂತೆ ಓದುಗನು ಬೆಳೆಯುತ್ತಾನೆ. ಅಲ್ಲದೆ, ಅರ್ಥದ ಭಾರವನ್ನೆಲ್ಲ ಚಿತ್ರವೇ ಹೊತ್ತಾಗ ಮಗು ವಾಕ್ಯವನ್ನು ಬಿಟ್ಟು ಚಿತ್ರವನ್ನು ಓದುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ. ಅಮೆರಿಕೆಯ ಕೆನೆತ್ ಗುಡ್‌ಮನ್ ಎಂಬವರು ೧೯೬೭ರಲ್ಲಿ ಓದುವುದೆಂದರೆ ಒಂದು ಬಗೆಯ ಊಹೆಯ ಆಟವೆಂದು ಪ್ರತಿಪಾದಿಸಿದರು. ಅದನ್ನು ಅನುಸರಿಸಿದವರು ಅಕ್ಷರವನ್ನು ಪೂರ್ತಿಯಾಗಿ ನೋಡದೆ, ಚಿತ್ರದಿಂದಲೂ ಸಂದರ್ಭದಿಂದಲೂ ಪದವನ್ನೇ ಊಹಿಸುವಂತೆ ಮಕ್ಕಳಿಗೆ ಕಲಿಸಿದರು. ಇದಕ್ಕೆ ಆ ದೇಶದಲ್ಲಿಯೇ ಬಲವಾದ ವಿರೋಧ ಬಂದಿದೆ. ಕನ್ನಡಕ್ಕಂತೂ ಆ ಉಪಾಯ ಬೇಕಾಗಿಯೇ ಇಲ್ಲ. ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಕಲಿತ ಮಗು ಎಂತಹ ಅಪರಿಚಿತ ಪದವನ್ನೂ ಉಚ್ಚರಿಸಬಲ್ಲದು. ಮೊದಲು ಪದವನ್ನು ಅಕ್ಷರ ಬಿಡದೆ ಓದಬೇಕು, ಆಮೇಲೆ ಅದರ ಅರ್ಥವನ್ನು ಊಹಿಸಬೇಕು. ‘ಸಿಗಡಿ’ಯನ್ನು ನೋಡಿ ‘ಮೀನು’ ಎಂದು ಓದಿದ ಮಗುವನ್ನು ಬುದ್ಧಿವಂತನೆಂದು ಮೆಚ್ಚಿಕೊಳ್ಳುವ ಉಪಾಧ್ಯಾಯರು ಒಂದು ಪದವನ್ನು ಕಲಿಸುವುದಕ್ಕೆ ಬದಲಾಗಿ ಕಳೆದರು. ಎಲ್ಲ ಸಂದರ್ಭವೂ ಸಹಾಯಕ್ಕೆ ಬರುವುದೆಂದೂ ತಿಳಿಯಬಾರದು. ೧೯೮೩ರಲ್ಲಿ ಇಸಾಬೆಲ್ ಬೆಕ್ ಮತ್ತು ಅವರ ಸಂಗಡಿಗರು, ಅರ್ಥದ ಕಡೆಗೆ ನಡೆಸುವ ಸಂದರ್ಭಗಳಿರುವಂತೆಯೇ ಏನನ್ನೂ ಹೇಳದವೂ, ದಾರಿ ತಪ್ಪಿಸುವವೂ ಉಂಟೆಂದು ವಿಂಗಡಿಸಿ ತೋರಿಸಿದರು. ಮೇಲೆ ಹೇಳಿದ ‘ಶಿಕ್ಷೆ’ಯ ವಾಕ್ಯವು ಕೊನೆಯ ಜಾತಿಗೆ ಸೇರಿದುದು.

ವಿಜ್ಞಾನದ ಪಾಠಗಳಲ್ಲಿ ಬರುವ ‘ದ್ಯುತಿಸಂಶ್ಲೇಷಣೆ’ಯಂತಹ ಪದಗಳನ್ನು ಸಂದರ್ಭದಿಂದ ಊಹಿಸಿರೆಂದು ಮಕ್ಕಳಿಗೆ ಹೇಳುವುದು ಅನ್ಯಾಯ. ಅಲ್ಲಿ ವ್ಯಾಕರಣವೇ ದಾರಿ. ದ್ಯುತಿಯೆಂದರೆ ಬೆಳಕು, ಸಂಶ್ಲೇಷಣೆಯೆಂದರೆ ಕೂಡಿಸುವುದು ಎಂದು ಬಿಡಿಸಿ ಹೇಳಿದರೆ ಒಂದು ನಿಮಿಷದಲ್ಲಿ ಆಗುವ ಕೆಲಸ. ಪಟ್ಟಿಯನ್ನೂ ಪುಸ್ತಕದಿಂದ ಹರಿದುಹಾಕಬೇಕಾಗಿಲ್ಲ. ಅದು ಊಹೆಗೆ ಮೊದಲು ಬರುವುದರಿಂದ ಕೇಡಾಗುತ್ತದೆ. ಊಹೆಯಾದ ಮೇಲೆ, ತಾಳೆ ನೋಡುವುದಕ್ಕೆ ಬಂದರೆ ಉಪಯುಕ್ತವೇ ಆಗುತ್ತದೆ. ಉಪಾಧ್ಯಾಯರು ಮಾಡಬೇಕಾದುದು ಕಷ್ಟದ ಕೆಲಸವಲ್ಲ, ಆದರೆ ಅನೇಕರಿಗೆ ಅದು ಬಹಳ ಕಷ್ಟ: ಸ್ವಲ್ಪ ಹೊತ್ತು ಸುಮ್ಮನಿರುವುದು. ಅರ್ಥವೇನೆಂದು ಮಗು ಕೇಳಿದೊಡನೆ ಹೇಳಿಬಿಡದೆ, ಆ ಜಾಗದಲ್ಲಿ ನಿನಗೆ ತಿಳಿದ ಯಾವ ಮಾತು ಕೂಡುತ್ತದೆ ಎಂದು ಕೇಳಬೇಕು. ಕೂಡಿದ ಮಾತನ್ನು ಮುಂದಿನ ವಾಕ್ಯದಲ್ಲಿಯೂ ಇಟ್ಟು ನೋಡಿಸಬೇಕು. ಅಲ್ಲಿ ಅದು ಕೂಡದಿದ್ದರೆ ಮಗು ತಾನೇ ಬದಲಾಯಿಸುತ್ತದೆ.

ಈ ಪರೀಕ್ಷೆಗೆ ಪುಸ್ತಕವೇ ಬೇಕೆಂದಿಲ್ಲ. ೨೦೨೫ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೋ ರೈಲಿನ ಹಳದಿ ಮಾರ್ಗದ ನಿಲ್ದಾಣಗಳ ಹೆಸರುಗಳೇ ಸಾಕು. ವೃತ್ತಪತ್ರಿಕೆಗಳಲ್ಲಿ ಆರೋಪಿಗಳನ್ನು ಪರಪ್ಪನ ಅಗ್ರಹಾರಕ್ಕೆ ಕಳುಹಿಸಿದ ಸುದ್ದಿಯನ್ನು ಮತ್ತೆ ಮತ್ತೆ ಕೇಳುವ ಆ ಭಾಗದ ಮಕ್ಕಳು ಅಗ್ರಹಾರವೆಂದರೆ ಸೆರೆಮನೆಯೆಂದು ತಿಳಿದರೆ ತಪ್ಪು ಅವರದಲ್ಲ. ಅವರಿಗೆ ದೊರೆತ ವ್ಯವಹಾರವೇ ಅಂತಹುದು. ವಿದ್ವಾಂಸರಿಗೆ ವೃತ್ತಿಯಾಗಿ ಬಿಟ್ಟ ಊರಿಗೆ ಈ ದುರವಸ್ಥೆ ಬಂದುದನ್ನು ಕಂಡು ಹಳಬರು ನಿಟ್ಟುಸಿರು ಬಿಡಬಹುದು. ಆದರೆ ಅದೇ ಮಾರ್ಗದಲ್ಲಿ ಬೆರಟೇನ ಅಗ್ರಹಾರವಿದೆ, ಕೋನಪ್ಪನ ಅಗ್ರಹಾರವಿದೆ; ಎರಡರಲ್ಲಿಯೂ ಸೆರೆಮನೆಯಿಲ್ಲ. ಅಗ್ರಹಾರವಿದ್ದೂ ಸೆರೆಮನೆಯಿಲ್ಲದಿರುವುದರಿಂದ ಅದರ ಅರ್ಥ ಸೆರೆಮನೆಯಾಗಲಾರದೆಂದು ಎಂಟು ವರ್ಷದ ಮಗುವೂ ತರ್ಕಿಸಬಲ್ಲದು, ಯಾರಾದರೂ ಕೇಳಿದರೆ. ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಎಂಬ ಮೂರು ನಿಲ್ದಾಣಗಳು ಇನ್ನೊಂದು ಪಾಠವನ್ನು ಇಟ್ಟುಕೊಂಡಿವೆ. ಮೂರರ ಬಾಲದಲ್ಲಿಯೂ ಇರುವ ‘ಸಂದ್ರ’ ಒಂದೇ ಪದವಾಗಿರಬೇಕೆಂದು ಮಕ್ಕಳು ಹಿಡಿದ ಮೇಲೆ, ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುತ್ತಿದ್ದರೆಂಬ ಒಂದು ಮಾತನ್ನು ಉಪಾಧ್ಯಾಯರು ಹೇಳಿ ಸುಮ್ಮನಾದರೆ ಸಾಕು. ಸಮುದ್ರವು ಸವೆದು ಸಂದ್ರವಾದುದನ್ನು ಅವರೇ ಕಾಣುತ್ತಾರೆ. ಆ ಕೆರೆ ಎಲ್ಲಿ ಹೋಯಿತೆಂದು ಕೇಳುವವರೂ ಅವರೇ.